ಕಡದ ಪುಸ್ತಕ

ನಲವತ್ತನೇ ಪುಟದೊಳಗೆ ಮುತ್ತು ಬೀಳಬೇಕು
ಎಂದಿದ್ದಾರೆ ಪ್ರಕಾಶಕರು.
ನನ್ನ ನಾಯಕ ಇನ್ನೂ ಕುದುರೆಯಿಂದಲೇ ಇಳಿದಿಲ್ಲ.

ನೆಬ್ರಾಸ್ಕಾದ ಈ ಸಣ್ಣ ಊರಿನ
ದಫ್ತರದ ನೆಲಮಾಳಿಗೆಯಲ್ಲಿ ಕೂತಿದ್ದೇನೆ,
ಯಾವುದೋ ಅಂಗಡಿಯ ಕಡದ ಪುಸ್ತಕ ಬಿಚ್ಚಿಕೊಂಡು.
೧೮೮೬. ಹಾಳೆ ತಿರುವಿದರೆ ಸೀಮೆಎಣ್ಣೆಯ ಕಮಟು.

ಗುನ್‌ಹಿಲ್ಡ್, ಓಸ್ಮುಂಡನ ಹೆಂಡತಿ:
ಹಿಟ್ಟು, ಕ್ವಿನೈನು, ಸೂಜಿ ಎರಡು,
ಸೂರಿನಡಿ ಕಟ್ಟಲು ಮಸ್ಲಿನ್ ಒಂಬತ್ತು ಗಜ.
ಹುಲ್ಲುಹೆಂಟೆಯ ಮನೆ.
ಹೊರಗೆ ಮಳೆ ನಿಂತರೂ ಒಳಗೆ ಎರಡು ದಿನ
ಕೆಸರು ತೊಟ್ಟಿಕ್ಕುತ್ತದೆ,
ಒಮ್ಮೊಮ್ಮೆ ಹಾವೂ.
ಮರವಿಲ್ಲದ ಬಯಲು, ಒಲೆಗೆ ಒಣ ಸಗಣಿ.
ನಾಯಕಿಯ ಬೆರಳು ಬೆಣ್ಣೆ ಎಂದು ಬರೆದಿದ್ದೆ,
ಹೊಡೆದುಹಾಕಿದೆ.

ಏಪ್ರಿಲ್ ಹನ್ನೊಂದು:
ನೀಲಿ ರಿಬ್ಬನ್, ಒಂದು ಗಜ, ಆರು ಸೆಂಟ್.
ಅದರ ಮೇಲೊಂದು ಅಡ್ಡಗೀಟು.
ಪಕ್ಕದಲ್ಲಿ, ಅದೇ ಆರು ಸೆಂಟಿಗೆ, ಉಪ್ಪು.

ಊಟದ ಹೊತ್ತು ಮೀರಿತು. ದಫ್ತರದ ಹುಡುಗಿ
ಬೀಗದ ಕೈ ಕುಲುಕಿದಳು.
ಇನ್ನೊಂದೇ ಹಾಳೆ, ಎಂದೆ.

ಮೇ ಇಪ್ಪತ್ತು. ಓಸ್ಮುಂಡ್, ಒಬ್ಬನೇ.
ತೋಳದ ಚರ್ಮ ಎರಡು, ಜಮಾ.
ನೇಗಿಲ ಕುಳ. ಮೊಳೆ ಅರ್ಧ ಸೇರು.
ರಿಬ್ಬನ್, ಒಂದು ಗಜ.
ಅದರ ಮುಂದೆ ಅಂಗಡಿಯವನು, ಯಾರೂ ಕೇಳದೆ,
‘ಅದೇ ನೀಲಿ’ ಎಂದು ಬರೆದಿಟ್ಟಿದ್ದಾನೆ.

ಅವಳು ಮುಡಿಗೆ ಕಟ್ಟಿದಳೋ,
ಡಬ್ಬಿಯಲ್ಲಿ ಸುತ್ತಿಟ್ಟಳೋ,
ಬಿತ್ತನೆಗಿಲ್ಲದ ದುಡ್ಡು ಇದಕ್ಕೆಲ್ಲಿಂದ ಬಂತೆಂದು ಬೈದಳೋ,
ಲೆಕ್ಕದಲ್ಲಿ ಇಲ್ಲ.

ಬೈದಳು ಎಂದೇ ಬರೆಯುತ್ತೇನೆ.
ಬೈಯುತ್ತಾ ಅವಳ ಕೈ
ತಲೆಗೂದಲು ಸರಿಮಾಡಿಕೊಳ್ಳುತ್ತಿತ್ತು ಎಂದೂ.
ಮುತ್ತು ನಲವತ್ತೊಂದಕ್ಕೆ ಹೋದರೆ ಹೋಗಲಿ.