ಕೀವುಕಣ: ಅಸಂಖ್ಯ

ಸಣ್ಣ ಡಬ್ಬಿಯ ಮೇಲೆ ಹೆಸರು ಬರೆಯುತ್ತೇನೆ:
ಫಕ್ಕೀರವ್ವ, ನಲವತ್ತೊಂದು, ಬ್ಯಾಡಗಿ.
ಒಳಗೆ ನಾಲ್ಕು ಚಮಚದಷ್ಟು ಮಬ್ಬು,
ಅಕ್ಕಿ ತೊಳೆದ ನೀರಿನಂಥದ್ದು.
ಹಾವೇರಿಯ ಈ ಲ್ಯಾಬಿನಲ್ಲಿ ಇವತ್ತಿನ ರಾತ್ರಿಪಾಳಿ ನನ್ನದು.

ಹೊರಗೆ ಬೆಂಚಿನ ಮೇಲೆ ಆಕೆ ನಡುಗುತ್ತಿದ್ದಾಳೆ,
ಏಪ್ರಿಲ್ ಸೆಕೆಯಲ್ಲಿ ಎರಡು ಚಾದರ ಹೊದ್ದು.
ಹಲ್ಲು ಕಟಕಟ. ಉಗುರ ಸಂದಿಯಲ್ಲಿ ಇನ್ನೂ ಕೆಂಪು,
ತುಂಬು ಬಿಡಿಸಿದ ಮೆಣಸಿನಕಾಯಿಯದು.
"ನಮ್ಮ ಕಾಯಿ ಬಣ್ಣಕ್ಕಷ್ಟರೀ, ಖಾರ ಕಮ್ಮಿ.
ಮತ್ತ ಈ ಉರಿ ಎಲ್ಲಿಂದ ಬಂತು?"

ಎಲ್ಲಿಂದ?
ಮುಂಜಾನೆ ಎಂಟರಿಂದ ಹೊತ್ತು ಮುಳುಗುವವರೆಗೆ
ರಾಶಿಯ ಮುಂದೆ ಕೂತವಳು ನೀರು ಕುಡಿಯುವುದಿಲ್ಲ.
ಕುಡಿದರೆ ಹೋಗಬೇಕು. ಹೋಗಲು ಜಾಗ
ಲಾರಿಗಳ ಹಿಂದೆ, ಹಮಾಲರ ಕಣ್ಣ ಮುಂದೆ.
ತಡೆದುಕೊಂಡಳು, ಒಂದು ಹಂಗಾಮು ಪೂರ್ತಿ.
ನಿಂತ ನೀರನ್ನೇ ಏಣಿ ಮಾಡಿಕೊಂಡು
ಕರುಳಿನಲ್ಲಿ ತೆಪ್ಪಗಿದ್ದ ಒಕ್ಕಲೊಂದು ಮೇಲೆ ಹತ್ತಿತು,
ಬೆನ್ನಿನೊಳಗಿನ ಜರಡಿಯ ತನಕ.

ಆದರೆ ಬೆಂಕಿ ಹಚ್ಚಿದ್ದು ಅದಲ್ಲ.
ಈ ಮಾತು ಆಕೆಗೆ ಹೇಗೆ ಹೇಳಲಿ?
ಉರಿ ಇಟ್ಟವಳು ನೀನೇ, ಫಕ್ಕೀರವ್ವ.
ಗೋಡೆ ತಡವಿದವರ ಸುಳಿವು ಸಿಕ್ಕೊಡನೆ
ನಿನ್ನ ಮೈ ತಾನೇ ಕೂಗು ಹಾಕಿತು;
ರಕ್ತನಾಳಗಳು ಬಾಗಿಲು ಸಡಿಲಿಸಿದವು,
ಬಿಳಿ ಕಣಗಳು ಹಿಂಡುಹಿಂಡಾಗಿ ಇಳಿದವು,
ಮಿದುಳು ಒಲೆಗೆ ಇನ್ನೊಂದು ಕಟ್ಟಿಗೆ ನೂಕಿತು:
ನೂರಾ ಮೂರು. ನೂರಾ ನಾಲ್ಕು.
ಈ ನಡುಕವೂ ನಿನ್ನದೇ,
ಕಾವು ಇನ್ನೂ ಸಾಲದು ಎನ್ನುವ ಮೈಯ ಹಟ.

ಮೈಕ್ರೋಸ್ಕೋಪಿಗೆ ಕಣ್ಣಿಡುತ್ತೇನೆ.
ಕಂಡಷ್ಟು ದೂರ ಅವೇ, ದುಂಡಗೆ,
ನುಂಗಿದ್ದನ್ನು ಹೊಟ್ಟೆಯಲ್ಲೇ ಇಟ್ಟುಕೊಂಡು ಸತ್ತವು.
ಕೆಲವು ಒಂದಕ್ಕೊಂದು ಅಂಟಿ ಉದ್ದನೆಯ ಅಚ್ಚಾಗಿವೆ
ಕಿಡ್ನಿಯ ಎಳೆನಳಿಕೆಯ ಅಳತೆಗೆ ಸರಿಯಾಗಿ,
ಜಗಳ ಯಾವ ಓಣಿಯಲ್ಲಿ ನಡೆಯಿತೆಂಬುದಕ್ಕೆ ಸಾಕ್ಷಿ ಹೇಳಲೆಂಬಂತೆ.
ಇಷ್ಟಾದರೆ ನಾವು ಎಣಿಸುವುದಿಲ್ಲ.
ಫಾರ್ಮಿನಲ್ಲಿ ಒಂದು ಪದ ಬರೆದು ಸಹಿ ಹಾಕುತ್ತೇವೆ.

ಇಂಜೆಕ್ಷನ್ನಿಗೆ ನಾಡಿದ್ದರೊಳಗೆ ಜ್ವರ ಇಳಿಯಬಹುದು.
ಕಾದಾಡಿದ ಜಾಗದಲ್ಲಿ ಕಲೆ ಉಳಿದೀತು,
ರೊಟ್ಟಿ ಹಂಚು ತಾಗಿದ ಮೊಣಕೈಯ ಹಾಗೆ,
ಅಲ್ಲಿ ಮತ್ತೆ ಜರಡಿ ಹಿಡಿಯುವುದಿಲ್ಲ.

ರಿಪೋರ್ಟು ಕೈಗಿಟ್ಟಾಗ ಆಕೆ ಕೇಳಿದ್ದು ಒಂದೇ:
"ದಿನಕ್ಕ ನೀರು ಎಷ್ಟು ಕುಡೀಬೇಕ್ರಿ?"
ಮೂರು ಲೀಟರು, ಅಂದೆ.
ಚಾದರದಿಂದ ಒಂದು ಕೈ ಹೊರತೆಗೆದು
ಕೆಂಪು ಬೆರಳು ಮಡಚುತ್ತ ಎಣಿಸತೊಡಗಿದಳು,
ಲಾರಿಗಳ ಹಿಂದಕ್ಕೆ ಎಷ್ಟು ಸಲ.