ಕಿರುಬೆರಳು

ಡಬ್ಬಿ ಬಂದ ದಿನ ಮೊದಲು ಎತ್ತಿ ನೋಡಿದೆ,
ಎರಡು ಸೇರು ಅಕ್ಕಿಯಷ್ಟು ಭಾರ.
ಬೂದು ಬಣ್ಣ, ಮುಚ್ಚಳದ ಮೇಲೆ ಗಾಜಿನ ಚಿಕ್ಕ ಕಣ್ಣು.
ಕ್ಯಾಲೆಂಡರಿನ ಪಕ್ಕ ಮೊಳೆ ಹೊಡೆದು ಕೂರಿಸಿದರು
ಲಿಖಿತನ ಕೈಗೆ ಎಟುಕದಷ್ಟು ಎತ್ತರಕ್ಕೆ.

ಒಳಗೆ ಹದಿನಾಲ್ಕು ಗೂಡು, ಹದಿನಾಲ್ಕು ಬಿಳಿ ಮಾತ್ರೆ.
ದಿನಕ್ಕೊಂದು, ಬೆಳಿಗ್ಗೆ ಆರೂವರೆಯಿಂದ ಏಳರೊಳಗೆ.
ನಾಲಿಗೆಯಡಿ ಇಟ್ಟರೆ ಕರಗುವ ತನಕ ಮಾತಾಡಬಾರದು.
ಅದೊಂದು ಒಳ್ಳೆಯದಾಯ್ತು, ಅಂದೆ.
ಸಿಸ್ಟರ್ ದೇಚಕ್ಕ ನಕ್ಕರು. ಅವನು ನಗಲಿಲ್ಲ.

ಜವರಯ್ಯ, ಹೆಬ್ಬೆಟ್ಟು ಇಡಪ್ಪ.
ಇಟ್ಟ. ಕೆಂಪು ದೀಪ.
ಪಂಚೆಗೆ ಒರೆಸಿ ಇಟ್ಟ. ಕೆಂಪು.
ತೋರುಬೆರಳು, ಮತ್ತೆ ಕೆಂಪು.
ಹದಿನೆಂಟು ವರ್ಷ ಬಿದಿರೇಣಿ ಹಿಡಿದ ಕೈ,
ಕರಿಮೆಣಸು ಕಿತ್ತು ಕಿತ್ತು
ಗೆರೆಯೆಲ್ಲ ಸಿಲ್ವರ್ ಮರದ ತೊಗಟೆಗೇ ಅಂಟಿ ಹೋಗಿದೆ.
ರೇಷನ್ ಅಂಗಡಿಯ ಯಂತ್ರವೂ ಹೀಗೇ,
ನೀನು ನೀನಲ್ಲ ಅಂದಿತ್ತು.
ನಾನೂ ಅಂದಿದ್ದೇನೆ ಒಮ್ಮೆ, ಅದೇ ಮಾತು,
ನಡುರಾತ್ರಿ, ಬಾಗಿಲಿಗೆ ಅಡ್ಡ ನಿಂತು.

ಕೊನೆಗೆ ಎಡಗೈಯ ಕಿರುಬೆರಳು,
ಯಾವ ಕೆಲಸಕ್ಕೂ ಬಾರದೆ ಉಳಿದುಕೊಂಡದ್ದು.
ಹಸಿರು!
'ಬಾಗಿಲು ತೆರೆದಿದೆ. ದಯವಿಟ್ಟು ಔಷಧವನ್ನು ಸ್ವೀಕರಿಸಿ.'
ನಮ್ಮ ಲೈನಿನಲ್ಲಿ ಯಾರೂ ಆಡದ ಕನ್ನಡ.
ಪಕ್ಕದ ಮನೆಯ ಪಾತುಮ್ಮ ರೇಡಿಯೋ ಅಂದುಕೊಂಡಳು.

ಏಣಿ ಜಾರಿದ್ದು ಮೂರು ವರ್ಷದ ಹಿಂದೆ, ಕೊಯ್ಲಿನ ಹೊತ್ತಲ್ಲಿ.
ಬೆನ್ನು ಮುರಿಯಲಿಲ್ಲ,
ಮುರಿದಿದ್ದರೆ ಆಸ್ಪತ್ರೆಯಲ್ಲಾದರೂ ಮಲಗಿಸುತ್ತಿದ್ದರು.
ಸಿದ್ದಾಪುರದ ಪೇಟೆಯಲ್ಲಿ ಯಾರೋ ಕೊಟ್ಟ ಮಾತ್ರೆ,
ಮೊದಲು ಅರ್ಧ, ಆಮೇಲೆ ಎರಡು, ಆಮೇಲೆ ಪಟ್ಟಿ ಪಟ್ಟಿ.
ನೋವು ಎದ್ದು ಹೋಗಿ ಎಷ್ಟೋ ದಿನವಾಗಿತ್ತು,
ಮಾತ್ರೆಗೆ ಯಾರೂ ಹೇಳಿರಲಿಲ್ಲ.

ಆಗ ನಾನೇ ಬೀಗ.
ರಾಗಿ ಡಬ್ಬದಲ್ಲಿ ಹೂತೆ, ಸೌದೆಯ ಸಂದಿಯಲ್ಲಿ ತುರುಕಿದೆ,
ಕುಪ್ಪಸದೊಳಗೆ ಇಟ್ಟುಕೊಂಡು ಮಲಗಿದೆ.
ಗಂಡನ ಕೈ ಮೈಮೇಲೆ ಬಿದ್ದರೆ
ತಡಕುತ್ತಿದ್ದಾನೆ ಅಂತಲೇ ತಿಳಿದ
ಆ ಒಂದು ವರ್ಷದ ಬಗ್ಗೆ ಅಕ್ಕನಿಗೂ ಹೇಳಿಲ್ಲ.

ವಿರಾಜಪೇಟೆಯಲ್ಲಿ ಚಿಕಿತ್ಸೆ ಹಿಡಿದ ಮೇಲೆ
ದಿನಾ ಹೋಗಿ ಅವರೆದುರೇ ಕರಗಿಸಿ ಬರಬೇಕು.
ಮೊದಲ ಬಸ್ಸಿಗೆ ಹೊರಟರೆ ದಾರಿಯಲ್ಲಿ ಆನೆ,
ಎರಡನೆಯದಕ್ಕೆ ಹೊರಟರೆ ಮೇಸ್ತ್ರಿ ಹಾಜರಿ ಹಾಕುವುದಿಲ್ಲ.
ಎರಡು ತಿಂಗಳು ಹಾಗೆ ನಡೆದು ತೋರಿಸಿದ್ದಕ್ಕೆ
ಮನೆಗೆ ಬಂತು ಈ ಡಬ್ಬಿ.

ಒಂಬತ್ತನೆಯ ರಾತ್ರಿ ಎದ್ದು ಹೋದ.
ಕತ್ತಲಲ್ಲಿ ಕೆಂಪು ದೀಪ, 'ಸಮಯವಾಗಿಲ್ಲ.'
ಬೇಡಿಕೊಂಡ, ಬೈದ,
ಸತ್ತ ತಾಯಿಯ ಮೇಲೆ ಆಣೆ ಇಟ್ಟ. 'ಸಮಯವಾಗಿಲ್ಲ.'
ಆ ಆಣೆಗೆ ನಾನು ಎಷ್ಟು ಸಲ ಸೋತಿದ್ದೆ!
ಕಂಬಳಿಯೊಳಗೆ ಕಣ್ಣು ಬಿಟ್ಟು ಮಲಗಿದ್ದೆ,
ಏಳಲಿಲ್ಲ. ಏಳಬೇಕಿರಲಿಲ್ಲ.

ಒಡೆದರೆ ದೇಚಕ್ಕನ ಫೋನಿಗೆ ಸುದ್ದಿ ಹೋಗುತ್ತದಂತೆ.
ನಮ್ಮಲ್ಲಿ ನೆಟ್‌ವರ್ಕ್ ಸಿಗುವುದು
ಪಲ್ಪರ್ ಮನೆಯ ಹತ್ತಿರ ಮಾತ್ರ.
ಡಬ್ಬಿಗೆ ಅದು ಗೊತ್ತಿಲ್ಲ, ಅವನಿಗೆ ಗೊತ್ತು.
ಒಲೆಯ ಪಕ್ಕ ಕತ್ತಿಯಿತ್ತು.
ಬಹಳ ಹೊತ್ತು ನಿಂತು
ಬಂದು ಮಲಗಿದ.
ಅದನ್ನು ಬರೆದಿಟ್ಟುಕೊಳ್ಳುವ ಯಂತ್ರ
ಇನ್ನೂ ಯಾರೂ ಮಾಡಿಲ್ಲ. ನಾನು ಇಟ್ಟುಕೊಂಡಿದ್ದೇನೆ.

ಬೆಳಿಗ್ಗೆ ಮಾತ್ರೆ ಇಟ್ಟು ಮೆಟ್ಟಿಲ ಮೇಲೆ ಕೂರುತ್ತಾನೆ.
ಆ ಹತ್ತು ನಿಮಿಷ ಮಾತು ನನ್ನದು:
ಲಿಖಿತನ ಚಪ್ಪಲಿ ಕಿತ್ತಿದೆ, ಪಾತುಮ್ಮನ ಕೋಳಿ ನಮ್ಮ ಸೊಪ್ಪು ತಿಂದಿದೆ,
ಪೆಟ್ಟಿಗೆಯಲ್ಲಿ ಇನ್ನು ಐದೇ ಗೂಡು.

ಇವತ್ತು ಪಕ್ಕ ಕೂತು
ಅವನ ಕಿರುಬೆರಳಿನ ಉಗುರು ಕತ್ತರಿಸಿದೆ.
ಕೈ ಹಿಡಿಯದೆ ಎಷ್ಟು ದಿನವಾಗಿತ್ತೋ.
ಇದೊಂದನ್ನು ಜೋಪಾನವಾಗಿಟ್ಟುಕೋ, ಅಂದೆ.
ಕರಗುವ ತನಕ
ಅವನು ಉತ್ತರ ಕೊಡುವಂತಿರಲಿಲ್ಲ.