ಮೂರು ಯೂನಿಟ್

ಎರಡು ಸಾವಿರದ ಎಂಟುನೂರಕ್ಕೆ ಫೋನಿನಲ್ಲೇ ಮಾತಾಡಿ
ಪೆನ್ಷನ್ ಮೊಹಲ್ಲಾಕ್ಕೆ ಹೋದೆ.
ಮನೆ ಗೊತ್ತಿದ್ದದ್ದೇ. ಹತ್ತೊಂಬತ್ತು ವರ್ಷ, ತಿಂಗಳಿಗೊಮ್ಮೆ
ಗೇಟು ತೆಗೆದು, ಮೀಟರಿನ ಮುಖ ಒರೆಸಿ,
ಅಂಕಿ ಹೊಡೆದು, ಚೀಟಿ ಕಿಟಕಿಗೆ ಸಿಕ್ಕಿಸಿ ಬಂದವನು.
ಹೊಸ್ತಿಲು ದಾಟಿದ್ದು ಅವತ್ತೇ.

‘ಓ, ಕರೆಂಟಿನವರು! ಮೊನ್ನೆ ಬಂದು ಹೋದಿರಲ್ಲ?’
ಅಂದರು ಜುಲೇಖಾಬಿ.
ಮಿಷಿನ್ನಿಗೆ ಬಂದೆ ಮೇಡಂ, ಕಾರ್ಪೆಟ್ ತೊಳೆಯೋದು.
‘ನಿಮ್ಮನೇಲಿ ಕಾರ್ಪೆಟ್ಟಾ?’

ಇದೆ. ಟಾಕೀಸು ಕೆಡವಿದಾಗ ಬಾಲ್ಕನಿ ಮೆಟ್ಟಿಲಿಂದ ಕಿತ್ತದ್ದು,
ಹನ್ನೆರಡು ಅಡಿ, ನಾನೂರು ರೂಪಾಯಿ, ಕೆಂಪು ಅಂತ ಹೇಳಿ ಕೊಟ್ಟದ್ದು.
ವಾರಿಜ ಬಾರ್ ಸೋಪಲ್ಲಿ ಉಜ್ಜಿ ಟೆರೇಸಿನ ಮೇಲೆ ಹರವಿದಳು.
ನಾಲ್ಕು ದಿನ ಒಣಗಲಿಲ್ಲ.
ಐದನೇ ದಿನ ನೆನೆದ ನಾಯಿಯ ನಾತ,
ಕೊಡವಿದಷ್ಟೂ ಕಡಲೆಕಾಯಿ ಸಿಪ್ಪೆ,
ಯಾವ ಕಾಲದ ಇಂಟರ್‌ವೆಲ್ಲಿನದೋ.

ಮಿಷಿನ್ನು ಮಂಚದ ಕೆಳಗೆ ದಿಂಬಿನ ಕವರು ಹೊದ್ದು ಕೂತಿತ್ತು.
ಎರಡು ಡಬ್ಬಿ, ಒಂದು ಸೊಂಡಿಲು.
ಅಕ್ಕನ ಮಗ ದಮ್ಮಾಮಿನಲ್ಲಿ ಕಾರಿನ ಸೀಟು ತೊಳೆಯುತ್ತಿದ್ದನಂತೆ,
ಬಿಟ್ಟು ಬರುವಾಗ ಇದೊಂದನ್ನು ಹೊತ್ತು ತಂದ.
ಡಬ್ಬಿಯ ತಳದಲ್ಲಿ ಒಂದು ಚಿಟಿಕೆ ಮರಳು, ಹಾಸನದ್ದಲ್ಲ.
ಪ್ಲಗ್ಗಿಗೆ ಮೂರು ಚಪ್ಪಟೆ ಹಲ್ಲು, ನಮ್ಮ ಗೋಡೆಗೆ ಕೂರುವುದಿಲ್ಲ,
ಕಸ್ತೂರಿಬಾ ರಸ್ತೆಯ ಅಡಾಪ್ಟರು ಜತೆಗೇ ಬಂತು.
ತಿರುಗಿಸಿ ಓದಿದೆ: ಸಾವಿರ ವ್ಯಾಟು.
ಗಂಟೆಗೆ ಒಂದು ಯೂನಿಟ್. ಅಭ್ಯಾಸ.

‘ನೋಡದೆ ತಗೋಬೇಡಿ’ ಅಂತ ಅವರೇ ನೀರು ತುಂಬಿ
ಹಾಲಿನ ಹಾಸಿನ ಮೇಲೆ ಎಳೆದರು, ಒಂದೇ ಸಲ,
ಗೇಣಗಲ, ಮಾರುದ್ದ.
ಸದ್ದು ನಿಂತ ಮೇಲೆ ಇಬ್ಬರೂ ಬಗ್ಗಿ ನೋಡಿದೆವು.

ಹಸಿರು.

‘ಯಾ ಅಲ್ಲಾ’ ಅಂದರು. ಸೋಫಾದ ತುದಿಗೆ ಕೂತರು.
ಹೆಡ್ ನರ್ಸ್ ಆದ ವರ್ಷ ವಸ್ತುಪ್ರದರ್ಶನದಲ್ಲಿ ಕೊಂಡದ್ದು,
ಬೂದಿ ಬಣ್ಣದ್ದೆಂದೇ ತಿಳಿದಿದ್ದರು.
ಬೂದಿಗೆ ಹೊಂದುವ ಪರದೆ, ಬೂದಿಗೆ ಹೊಂದುವ ಸೋಫಾ ಕವರು,
ಅಂಗಡಿಯಲ್ಲಿ ಎಷ್ಟು ಹೊತ್ತು ನಿಂತು ಆರಿಸಿದ್ದರೋ.

ದುಡ್ಡು ತೆಗೆದೆ. ಅವರು ಕೈ ಚಾಚಲಿಲ್ಲ.
‘ಗಾಯ ಅರ್ಧ ತೊಳೆದು ಬಿಡ್ತಾರಾ ಯಾರಾದರೂ?’

ಪ್ಯಾಂಟು ಮೊಣಕಾಲಿಗೆ ಮಡಚಿದೆ.
ಸೋಫಾ ಎತ್ತಿದೆವು, ಟೀಪಾಯಿ ಅಂಗಳಕ್ಕೆ ಹೋಯಿತು.
ನಾನು ಎಳೆಯುವುದು, ಅವರು ನೀರು ಬದಲಿಸುವುದು.
ಮೊದಲ ಡಬ್ಬಿ ಬಗ್ಗಡ, ಎರಡನೆಯದು ಡಿಕಾಕ್ಷನ್,
ಆರನೆಯದು ತೆಳ್ಳಗಿನ ಚಾ.
ಪ್ರತಿ ಸಲವೂ ಕಿಟಕಿಯ ಬೆಳಕಿಗೆ ಹಿಡಿದು
ವಾರ್ಡಿನ ಸ್ಯಾಂಪಲ್ಲು ನೋಡುವ ಹಾಗೆ ನೋಡಿ
‘ಇನ್ನೂ ಇದೆ’ ಅನ್ನುವರು.
ಒಂಬತ್ತನೆಯದಕ್ಕೆ ಏನೂ ಅನ್ನಲಿಲ್ಲ.

ಮೂರು ಗಂಟೆ. ಸೊಂಟ ಹಿಡಿದಿತ್ತು.
ಅಂಚಿನಲ್ಲೊಂದು ಹಳದಿ ಬಳ್ಳಿ ಎದ್ದು ಬಂದಿತ್ತು,
ಅದರ ನೆನಪೂ ಅವರಿಗಿರಲಿಲ್ಲ.
ಮುನ್ನೂರು ಕೂಲಿ ಮುರಿದುಕೊಂಡೇ ದುಡ್ಡು ಎಣಿಸಿದರು.
ಬೇಡ ಅಂದದ್ದಕ್ಕೆ ಬೈಸಿಕೊಂಡೆ.

ಮನೆಯಲ್ಲಿ ಎಲ್ಲ ಕೇಳಿ ವಾರಿಜ ಸೊಂಡಿಲು ಕೆಳಗಿಟ್ಟಳು.
‘ಹಾಗಾದರೆ ಇವತ್ತು ಬೇಡ.
ಪೂರ್ತಿ ದಿನ ರಜ ಇರೋವಾಗ ಶುರು ಮಾಡೋಣ.’
ಅದಿನ್ನೂ ಬಂದಿಲ್ಲ.
ಟಾಕೀಸು ಸುರುಳಿಯಾಗಿ ಬಾಗಿಲ ಹಿಂದೆ ನಿಂತಿದೆ.

ಮುಂದಿನ ತಿಂಗಳು ಅದೇ ಗೇಟು.
ಅರವತ್ತೆಂಟು ದಾಟದ ಮೀಟರು ಎಪ್ಪತ್ತೊಂದು ತೋರಿಸಿತು.
ಆ ಮೂರು ನನ್ನವು ಅಂತ ಬರೆಯಲು
ಕೈಯಲ್ಲಿದ್ದ ಯಂತ್ರದಲ್ಲಿ ಕಾಲಂ ಇಲ್ಲ.
ಬಿಲ್ಲು ಹೇಗೂ ಸೊನ್ನೆ, ಸರ್ಕಾರದ್ದು.
ಚೀಟಿ ಹರಿದು ಕಿಟಕಿಗೆ ಸಿಕ್ಕಿಸಬೇಕು,
ಒಳಗಿಂದ ದನಿ:
‘ಚಾ ಆಗಿದೆ ಬನ್ನಿ. ಶೂ ಅಲ್ಲೇ ಬಿಚ್ಚಿ,
ಹಾಸಿನ ಮೇಲೆ ಯಾರಿಗೂ ಬಿಡ್ತಾ ಇಲ್ಲ ಈಗ.’

ನಿಂತೆ.
ಎಡಗಾಲಿನ ಸಾಕ್ಸಿನಲ್ಲಿ ಹೆಬ್ಬೆರಳ ತೂತಿತ್ತು.